ಚುಕ್ಕೆ ಇಡದ ಪದ

ಬಾಗಿಲ ಮೇಲಿನ ಹಲಗೆಯಲ್ಲಿ ‘ಆಪ್ತ ಸಮಾಲೋಚಕಿ’ ಎಂದು ಬರೆದಿತ್ತು. ಓದಿದ ಕೂಡಲೇ ನನಗೆ ಮೈ ಉರಿಯಿತು. ನನ್ನ ತಂಗಿ ಹುಟ್ಟಿದಾಗಿನಿಂದ ಅವಳಿಗೆ ಆಪ್ತೆ ಎಂದರೆ ನಾನು. ಅವಳ ಮೊದಲ ಹಾಲುಹಲ್ಲು ಬಿದ್ದದ್ದು ನನ್ನ ಅಂಗೈಯಲ್ಲಿ. ಈ ಹೆಂಗಸು ಯಾರೋ, ಹಲಗೆ ಬರೆಸಿಕೊಂಡ ಮಾತ್ರಕ್ಕೆ ಮೊದಲ ದಿನವೇ ಆಪ್ತೆಯಾಗಿಬಿಟ್ಟಳು. ಅಂದಿನಿಂದ ಮನಸ್ಸಿನಲ್ಲಿ ಅವಳನ್ನು ‘ಆಪ್ತೆ’ ಎಂದೇ ಕರೆಯತೊಡಗಿದೆ. ಪ್ರೀತಿಯಿಂದಲ್ಲ.

ಪ್ರಾರ್ಥನಾ ಮಂದಿರದ ಪಕ್ಕದ ಕಟ್ಟಡದಲ್ಲಿ ಕೆಳಗೆ ಓದುವ ಕೋಣೆ, ಮೇಲೆ ಆಪ್ತೆಯ ಕೋಣೆ. ಹೊರಗೆ ಒಂದು ಮರದ ಬೆಂಚು. ಮಂಗಳವಾರ, ಶುಕ್ರವಾರ ನಾಲ್ಕು ಗಂಟೆಗೆ ತಂಗಿ ಒಳಗೆ ಹೋದರೆ ಐದಕ್ಕೆ ಹತ್ತು ನಿಮಿಷ ಇರುವಾಗ ಹೊರಗೆ ಬರುತ್ತಿದ್ದಳು. ಆ ಐವತ್ತು ನಿಮಿಷ ನಾನು ಬೆಂಚಿನ ಮೇಲೆ ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. ಬಾಗಿಲು ಅಷ್ಟು ದಪ್ಪ. ಒಳ್ಳೆಯ ಮಾತಾಡುವವರಿಗೆ ಅಷ್ಟು ದಪ್ಪದ ಬಾಗಿಲು ಯಾಕೆ ಬೇಕು ಎಂದು ನನ್ನ ತಲೆಯಲ್ಲಿ ಹುಳ ಕೊರೆಯುತ್ತಿತ್ತು.

ಅನುಮಾನ ಪಡುವುದು ನನಗೆ ನೌಕರಿಯಿಂದ ಬಂದ ಗುಣ. ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದೆ. ಕಟಕಟೆಯಲ್ಲಿ ನಿಂತವರು ಸುಳ್ಳು ಹೇಳುವಾಗ ಅದನ್ನು ಒಂದಕ್ಷರ ಬಿಡದೆ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ನಿಜ ಹೇಳುವಾಗಲೂ ಅದೇ ಕೆಲಸ, ಆದರೆ ಅಂಥ ದಿನಗಳು ಕಡಿಮೆ. ಈ ವಿದ್ಯೆ ಕಲಿಸಿದವರು ಅಪ್ಪ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಬೆಂಚು ಹಾಕಿ ಊರಿನ ಅರ್ಧ ಗುಮಾಸ್ತರಿಗೆ ಅವರು ಶೀಘ್ರಲಿಪಿ ಹೇಳಿಕೊಟ್ಟಿದ್ದರು. ಅದರಲ್ಲಿ ವ್ಯಂಜನಗಳಿಗೆ ಗೀಟು, ಸ್ವರಗಳಿಗೆ ಚುಕ್ಕೆ. ಕೈ ಪಳಗಿದ ಮೇಲೆ ಚುಕ್ಕೆ ಇಡುತ್ತ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬರೀ ಗೀಟು ಎಳೆದುಕೊಂಡು ಹೋಗಿ, ಓದುವಾಗ ಸ್ವರವನ್ನು ಊಹಿಸಿಕೊಳ್ಳುತ್ತೇವೆ. “ಅನುಮಾನ ಬರೋ ಕಡೆ ಮಾತ್ರ ಮರೀದೆ ಚುಕ್ಕೆ ಇಡಿ” ಎಂದು ಅಪ್ಪ ಬೆಂಚಿನ ಅಂಚಿಗೆ ಬೆತ್ತ ತಟ್ಟಿ ಹೇಳುತ್ತಿದ್ದರು.

ತಂಗಿಯೂ ಅದೇ ಬೆಂಚಿನಲ್ಲಿ ಕೂತು ಕಲಿತವಳು. ನೌಕರಿಗೆ ಹೋಗದೆ ಹೊಲಿಗೆ ಹಿಡಿದಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ವಯಸ್ಸು ಐವತ್ತೆರಡಾದರೂ ಮನೆಯಲ್ಲಿ ಈಗಲೂ ಪಾಪು. ನಾವಿಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎಂದು ಹೇಳಿ ಕಳಿಸುತ್ತೇನೆ.

ಪಾಪುವಿಗೆ ಹಿಡಿದ ಕಷ್ಟ ಇದು. ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಸಂಜೆ ಆರಕ್ಕೆ ಹನ್ನೊಂದು ಸಾಲಿನ ಒಂದು ಪ್ರಾರ್ಥನೆ ಹೇಳುವ ರೂಢಿ. ಕಿಟಕಿಯ ಪಕ್ಕದ ನೆಲದ ಮೇಲೆ ಮಂಡಿಯೂರಿ ಪಾಪು ಹೇಳುತ್ತಿದ್ದಳು, ಅಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಸಂಜೆ, ಬಟ್ಟೆ ಒಯ್ಯಲು ಬಂದವರು ಬಾಗಿಲಲ್ಲಿ ನಿಂತಿದ್ದರು. ಪಾಪು ಗಡಿಬಿಡಿಯಲ್ಲಿ ಮುಗಿಸಿದಳು, ಏಳನೆಯ ಸಾಲು ಬಿಟ್ಟುಹೋಯಿತು. ಅದಾಗಿ ಒಂದು ಗಂಟೆಯೊಳಗೆ ಅಪ್ಪ ಅದೇ ಕುರ್ಚಿಯಲ್ಲಿ ಹೋಗಿಬಿಟ್ಟರು. ಎಂಬತ್ತೇಳು ವರ್ಷ ವಯಸ್ಸು, ಅದಕ್ಕೆ ಮೊದಲೇ ಎರಡು ಸಲ ಹೃದಯ ಕೈಕೊಟ್ಟಿತ್ತು. ಡಾಕ್ಟರು ಹೇಳಿದ್ದೂ ಅದನ್ನೇ. ಪಾಪುವಿನ ತಲೆಯಲ್ಲಿ ಮಾತ್ರ ಬೇರೆಯೇ ಕೂತಿತು.

ಅಪ್ಪ ಹೋದ ಹದಿನಾರನೆಯ ದಿನ ಅವಳು ನನ್ನ ಹತ್ತಿರ ಬಂದು ಕೂತಳು.

“ಅಕ್ಕ, ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೊ. ಆಮೇಲೆ ಓದಿ ಹೇಳು. ಒಂದೂ ಬಿಟ್ಟಿಲ್ಲ ಅಂತ ಗೊತ್ತಾದ್ರೆ ಸಾಕು ನಂಗೆ.”

ಬರೆದುಕೊಂಡೆ. ಓದಿ ಹೇಳಿದೆ. ಹನ್ನೊಂದೂ ಇದ್ದವು. ಅವಳ ಮುಖ ಸಡಿಲವಾಯಿತು, ಎದ್ದು ಹೋಗಿ ಊಟ ಮಾಡಿದಳು. ಮರುದಿನ ಎರಡು ಸಲ. ತಿಂಗಳೊಳಗೆ ಐದು. ಮಧ್ಯೆ ಉಸಿರು ತಪ್ಪಿತು, ಮೊದಲಿಂದ. ಮೂರನೆಯ ಸಾಲು ಹೇಳುವಾಗ ಮನಸ್ಸು ಅಂಗಿಯ ಗುಂಡಿಯ ಕಡೆಗೆ ಹೋಯಿತು, ಮೊದಲಿಂದ. ಪ್ರತಿ ಸಲವೂ ಕೊನೆಯಲ್ಲಿ ಅದೇ ಪ್ರಶ್ನೆ: “ಅಕ್ಕ, ಸರಿಯಾಗಿ ಬಂತಾ?” ಹೋದ ಚಳಿಗಾಲದ ಹೊತ್ತಿಗೆ ಮೂವತ್ತು ಸಲಕ್ಕೆ ಮುಟ್ಟಿತ್ತು. ಆರಕ್ಕೆ ಕೂತರೆ ಒಂಬತ್ತು. ಅವಳ ಮಂಡಿಗಳು ಊದಿ ಮೆಟ್ಟಿಲು ಹತ್ತುವುದೇ ದುಸ್ತರವಾಯಿತು. ಸಮವಸ್ತ್ರಗಳು ಹೊತ್ತಿಗೆ ಸರಿಯಾಗಿ ಆಗದೆ ಎರಡು ಶಾಲೆಯವರು ಬೇರೆ ಕಡೆ ಹೋದರು. ನಾನು ಮಾತ್ರ ಪೆನ್ಸಿಲು ಕೆತ್ತಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದೆ. ಪುಸ್ತಕದ ಮೇಲೆ ಪುಸ್ತಕ ತುಂಬಿದವು.

ನಿಜ ಹೇಳಿಬಿಡುತ್ತೇನೆ, ನನಗದು ಹಿಡಿಸಿತ್ತು. ನಿವೃತ್ತಿಯಾದ ಮೇಲೆ ನನ್ನ ಪೆನ್ಸಿಲು ಯಾರಿಗೂ ಬೇಕಾಗಿರಲಿಲ್ಲ. ಈಗ ದಿನಾ ಸಂಜೆ ಒಬ್ಬಳು ನನ್ನ ಒಂದು ‘ಹೂಂ’ಗಾಗಿ ಕಾಯುತ್ತಿದ್ದಳು. ಅವಳಿಗೆ ನಾನು ಬೇಕು ಎಂದು ಹೊಟ್ಟೆಯೊಳಗೆ ಹಿಗ್ಗುತ್ತಿದ್ದೆ. ಅವಳು ಸವೆಯುತ್ತಿದ್ದಾಳೆ ಎಂದು ಕಣ್ಣಿಗೆ ಕಂಡರೂ ಆ ಹಿಗ್ಗು ಕಡಿಮೆಯಾಗಲಿಲ್ಲ.

ಒಂದು ದಿನ ಪಾಪು ತಾನಾಗಿಯೇ ಮಂದಿರದ ಹಿರಿಯರ ಬಳಿ ಹೋಗಿ, ಸಾಲು ಬಿಟ್ಟುಹೋದರೆ ಪಾಪವೇ ಎಂದು ಕೇಳಿದಳು. ನಾನೂ ಜೊತೆಗಿದ್ದೆ. ಆ ಮುದುಕರು ಅವಳ ಮಂಡಿಗಳನ್ನು ನೋಡಿದರು, ಆಮೇಲೆ ಮುಖವನ್ನು ನೋಡಿದರು.

“ಪಾಪ ಅಲ್ಲ ಅಂತ ನಾನು ಹೇಳ್ಬಲ್ಲೆ ತಾಯಿ. ಆದ್ರೆ ನಾಳೆ ಬೆಳಿಗ್ಗೆ ನೀವು ಮತ್ತೆ ಬಂದು ಕೇಳ್ತೀರಿ. ಇದಕ್ಕೆ ನನ್ನೊಬ್ಬನ ಮಾತು ಸಾಲಲ್ಲ. ಮೇಲೆ ಒಬ್ಬರಿದ್ದಾರೆ.”

ಬೆರಳನ್ನೂ ಮೇಲಕ್ಕೆ ತೋರಿಸಿದರು. ದೇವರ ಮಾತು ಎಂದುಕೊಂಡು ನಾನು ಭಕ್ತಿಯಿಂದ ತಲೆಯಾಡಿಸಿದೆ. ಅವರು ಮೊದಲ ಮಹಡಿಯ ಮಾತಾಡುತ್ತಿದ್ದರು.

ಹೀಗೆ ಆಪ್ತೆ ನಮ್ಮ ಬಾಳಿನೊಳಗೆ ಕಾಲಿಟ್ಟಳು. ವಯಸ್ಸು ಮೂವತ್ತೈದು ದಾಟಿರಲಾರದು, ಮೆತ್ತಗಿನ ದನಿ. ಮೊದಲ ದಿನವೇ ನಾನು ಗೋಡೆಯಲ್ಲಿ ನೇತುಹಾಕಿದ್ದ ಅವಳ ಪ್ರಮಾಣಪತ್ರವನ್ನು ಕನ್ನಡಕ ಏರಿಸಿ ಓದಿದೆ, ನೋಂದಣಿ ಸಂಖ್ಯೆ ಬರೆದುಕೊಂಡೆ, ಮನೆಗೆ ಬಂದು ಅದನ್ನು ಕೊಟ್ಟ ಮಂಡಳಿಗೆ ಫೋನು ಮಾಡಿ ವಿಚಾರಿಸಿದೆ. ಸಂಖ್ಯೆ ಸರಿಯಾಗಿಯೇ ಇತ್ತು. ನನಗೆ ಇನ್ನಷ್ಟು ಸಿಟ್ಟು ಬಂತು.

“ನೀವು ಓದಿರೋ ಡಾಕ್ಟರೋ, ಪ್ರಾರ್ಥನೆ ಮಾಡಿಸೋರೋ? ಎರಡರಲ್ಲಿ ಒಂದು ಹೇಳಿ” ಎಂದು ಮುಂದಿನ ಸಲ ಬಾಗಿಲಲ್ಲೇ ತಡೆದು ಕೇಳಿದೆ.

“ಓದಿದ್ದು ಮನಃಶಾಸ್ತ್ರ ಅಮ್ಮ. ಡಾಕ್ಟರಲ್ಲ, ಮಾತ್ರೆ ಬೇಕಾದ್ರೆ ಡಾಕ್ಟರ ಹತ್ರ ಕಳಿಸ್ತೀನಿ. ಪ್ರಾರ್ಥನೆ ನಾನೂ ಮಾಡ್ತೀನಿ, ಮಾಡಿಸಲ್ಲ. ನಿಮ್ಮ ತಂಗಿಗೆ ನಂಬಿಕೆ ಬಾಗಿಲಾಚೆ ಇಟ್ಟು ಬನ್ನಿ ಅಂದ್ರೆ ಅವರು ಅರ್ಧ ಮಾತ್ರ ಒಳಗೆ ಬಂದ ಹಾಗೆ.”

ಮಾತು ಚೆನ್ನಾಗಿತ್ತು. ಚೆನ್ನಾಗಿ ಮಾತಾಡುವ ಸಾಕ್ಷಿಗಳನ್ನು ನಾನು ಕಂಡಷ್ಟು ಬೇರೆ ಯಾರೂ ಕಂಡಿರಲಾರರು. ಇವಳು ಚಿಕಿತ್ಸೆಯ ಹೆಸರಿನಲ್ಲಿ ಮಂದಿರಕ್ಕೆ ಜನ ಸೇರಿಸುವವಳೇ ಇರಬೇಕು ಎಂದು ತೀರ್ಮಾನಿಸಿದೆ.

ನಾಲ್ಕನೆಯ ವಾರ ಇನ್ನೊಂದು ನಡೆಯಿತು. ಪಾಪು ಒಳಗಿದ್ದಾಗ ಹಿರಿಯರು ಕೈಗೋಲು ಊರಿಕೊಂಡು ಮೆಟ್ಟಿಲು ಹತ್ತಿ ಬಂದರು, ನನ್ನ ಕಡೆ ನೋಡಿ ನಕ್ಕರು, ಬಾಗಿಲು ತಟ್ಟಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆ ದಪ್ಪ ಬಾಗಿಲನ್ನೂ ದಾಟಿ ಒಂದು ಸದ್ದು ಬಂತು. ಪಾಪು ನಗುತ್ತಿದ್ದಳು. ಎರಡು ವರ್ಷದಿಂದ ಕೇಳದ ನಗು. ನಾನು ಬೆಂಚಿನಿಂದ ಎದ್ದು ನಿಂತೆ. ಸಂತೋಷದಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನಿಲ್ಲದ ಕೋಣೆಯಲ್ಲಿ ಮೂವರು ಸೇರಿ ಯಾರ ಬಗ್ಗೆ ನಗುತ್ತಿದ್ದಾರೆ ಎಂದು ಯೋಚಿಸಿದೆ.

ದಾರಿಯಲ್ಲಿ ಏನಾಯಿತೆಂದು ಕೇಳಿದೆ.

“ಅವರು ಪ್ರಾರ್ಥನೆ ಮಧ್ಯದಲ್ಲೇ ಎಷ್ಟೋ ಸಲ ನಿದ್ದೆ ಮಾಡಿದ್ದಾರಂತೆ ಅಕ್ಕ. ಎಚ್ಚರ ಆದಾಗ ಯಾವ ಸಾಲಿನಲ್ಲಿದ್ದೆ ಅಂತ ಗೊತ್ತಾಗ್ದೆ ಆಮೆನೋ ಶುಭವೋ ಏನೋ ಒಂದು ಹೇಳಿ ಎದ್ದುಬಿಡ್ತಾರಂತೆ” ಎಂದು ಹೇಳಿ ಮತ್ತೆ ನಕ್ಕಳು.

“ಅಷ್ಟೇನಾ?”

“ಅಷ್ಟೇ ಅಕ್ಕ.”

ಅಷ್ಟೇ ಎಂದು ಹೇಳುವ ಸಾಕ್ಷಿಯ ಬಳಿ ಯಾವಾಗಲೂ ಇನ್ನೊಂದಿಷ್ಟು ಇರುತ್ತದೆ. ನನಗೆ ಒಳಗೊಳಗೇ ಹೆದರಿಕೆ ಇದ್ದದ್ದು ಆ ಇನ್ನೊಂದಿಷ್ಟರ ಬಗ್ಗೆ. ಏಳನೆಯ ಸಾಲು ಬಿಟ್ಟುಹೋದದ್ದು ಪಾಪುವಿಗೆ ಹೇಗೆ ಗೊತ್ತಾಯಿತು ಎಂದು ಇಷ್ಟು ಹೊತ್ತೂ ನಾನು ಹೇಳಿಲ್ಲ. ಅವಳಿಗೆ ಗೊತ್ತೇ ಆಗಿರಲಿಲ್ಲ. ಬಟ್ಟೆಯವರನ್ನು ಕಳಿಸಿ ಒಳಗೆ ಬಂದವಳಿಗೆ ಹೇಳಿದವಳು ನಾನು. “ಪಾಪು, ಇವತ್ತು ಏಳನೇ ಸಾಲು ನುಂಗಿಬಿಟ್ಯಲ್ಲೇ! ಅಪ್ಪ ತೂಕಡಿಸ್ತಿದ್ರು, ಗೊತ್ತಾದ್ರೆ ಬೆಂಚ್ ಮೇಲೆ ನಿಲ್ಲಿಸ್ತಾರೆ” ಎಂದು ಗೇಲಿ ಮಾಡಿದ್ದೆ. ನಾಲಗೆಯ ತೀಟೆ, ಅಷ್ಟೇ. ಅಪ್ಪ ಹೋದ ಮೇಲೆ ಆ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬರಲಿಲ್ಲ. ಅವಳು ಎತ್ತಲಿಲ್ಲ, ನಾನು ಎತ್ತಲು ಬಿಡಲಿಲ್ಲ. ಆ ದಪ್ಪ ಬಾಗಿಲಿನ ಹಿಂದೆ ಅದು ಹೊರಗೆ ಬಂದಿರಬಹುದೇ ಎಂದು ಯೋಚಿಸಿದಾಗಲೆಲ್ಲ ನಾನು ಬೆಂಚಿನಲ್ಲಿ ಬಾಗಿಲ ಕಡೆಗೆ ಇನ್ನಷ್ಟು ಸರಿದು ಕೂರುತ್ತಿದ್ದೆ. ಆಪ್ತೆಯ ಮೇಲಿನ ನನ್ನ ಅನುಮಾನಕ್ಕೆ ಎಣ್ಣೆ ಹೊಯ್ದದ್ದು ಇದೇ.

ಅಷ್ಟರಲ್ಲಿ ಮನೆಯಲ್ಲಿ ಮೂವತ್ತು ಇಪ್ಪತ್ತಾಗಿತ್ತು, ಇಪ್ಪತ್ತು ಹತ್ತಾಗಿತ್ತು. ಒಂದು ಸಂಜೆ ನಾನು ಪೆನ್ಸಿಲು ಹಿಡಿದು ಬಂದರೆ ಪಾಪು ಕಿಟಕಿಯ ಕೋಣೆಯ ಬಾಗಿಲ ಪರದೆ ಎಳೆಯುತ್ತಿದ್ದಳು.

“ಇವತ್ತು ನಾನೊಬ್ಳೇ ಕೂತ್ಕೋತೀನಿ ಅಕ್ಕ. ನೀನು ಅಡುಗೆಮನೇಲಿರು.”

ಏಳು ನಿಮಿಷಕ್ಕೆ ಹೊರಗೆ ಬಂದಳು. ನಾನು ಗಡಿಯಾರ ನೋಡಿಕೊಂಡಿದ್ದೆ. ಬಿಸಿ ಊಟ ಮಾಡಿದಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಪರದೆಯ ಆಚೆಯಿಂದ ದನಿಯೇ ಕೇಳಿಸುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ನಾನು ಯೋಚಿಸಿದ್ದು ಬೇರೆ. ಮೂರು ಗಂಟೆ ಮಂಡಿಯೂರುತ್ತಿದ್ದವಳು ಏಳು ನಿಮಿಷಕ್ಕೆ ಏಳಬೇಕಾದರೆ ಅವಳು ಪ್ರಾರ್ಥನೆಯನ್ನೇ ಮಾಡುತ್ತಿಲ್ಲ. ಆಪ್ತೆ ದೇವರನ್ನು ಮಾರುವವಳಲ್ಲ, ಕಸಿದುಕೊಳ್ಳುವವಳು! ಹೋದ ತಿಂಗಳು ಇದಕ್ಕೆ ಪೂರಾ ತಿರುಗುಮುರುಗಾಗಿ ಅನುಮಾನಪಟ್ಟಿದ್ದೆ ಎಂಬುದು ಆ ಕ್ಷಣಕ್ಕೆ ನೆನಪಿಗೆ ಬರಲಿಲ್ಲ.

ಸೋಮವಾರ ಪಾಪು ದಾರ ತರಲು ಅಂಗಡಿಗೆ ಹೋದಾಗ ನಾನು ಹೊಲಿಗೆ ಮಶಿನ್ನಿನ ಡ್ರಾಯರ್ ತೆರೆದೆ. ಆಪ್ತೆಯ ಬಳಿ ಹೋಗಿಬಂದಾಗಲೆಲ್ಲ ಅವಳು ಏನೋ ಬರೆದಿಡುವುದನ್ನು ಗಮನಿಸಿದ್ದೆ. ದಾರ ಸುತ್ತಿದ ಬಾಬಿನ್‌ಗಳ ಕೆಳಗೆ ಪುಸ್ತಕ ಸಿಕ್ಕಿತು. ಬಟ್ಟೆಯ ಅಳತೆ ಕತ್ತರಿಸುವ ಖಾಲಿ ಕಾಗದವನ್ನೇ ಮಡಚಿ ಹೊಲಿದು ಮಾಡಿಕೊಂಡ ಪುಸ್ತಕ, ಅದರ ತುಂಬ ಶೀಘ್ರಲಿಪಿ. ಇನ್ನೊಬ್ಬರ ಪುಸ್ತಕ ಓದುವುದು ತಪ್ಪು ಎಂದು ನನಗೂ ಗೊತ್ತು. ಓದಿದೆ.

ಪಾಪುವಿನ ಬರವಣಿಗೆ ಮೊದಲಿನಿಂದಲೂ ಓಟದ್ದು. ಒಂದು ಚುಕ್ಕೆಯೂ ಇಲ್ಲ. ಗೆರೆ ಎಳೆದ ಹಾಳೆಯಾಗಿದ್ದರೆ ಗೀಟು ಗೆರೆಯ ಮೇಲಿದೆಯೋ ಕೆಳಗಿದೆಯೋ ನೋಡಿ ಸ್ವರವನ್ನು ಹಿಡಿಯಬಹುದು. ಈ ಕಾಗದದಲ್ಲಿ ಅದೂ ಇಲ್ಲ. ಆದರೆ ನನಗೇನು, ನ್ಯಾಯಾಧೀಶರ ಗೊಣಗಾಟವನ್ನೇ ಓದಿದವಳು. ಕೊನೆಯ ಪುಟದಲ್ಲಿ ಮೂರು ಸಾಲು ಇದ್ದವು. ಸರಾಗವಾಗಿ ಓದಿಕೊಂಡೆ.

‘ದೇವರನ್ನು ಒಂದೇ ಸಲ ಬಿಡು. ತಿರುಗಿ ನೋಡಬೇಡ. ಅಕ್ಕನನ್ನು ಬೇಡು.’

ಪಿತ್ತ ನೆತ್ತಿಗೇರಿತು. ನಮ್ಮಪ್ಪನ ಮಗಳಿಗೆ ದೇವರನ್ನು ಬಿಡು ಎಂದು ಹೇಳಿಕೊಡುತ್ತಾಳೆ, ಅದೂ ಒಂದೇ ಏಟಿಗೆ! ಕೊನೆಯ ಸಾಲು ಓದಿದಾಗ ಮಾತ್ರ ಕಣ್ಣು ಮಂಜಾಯಿತು. ಪಾಪ, ನನ್ನ ಮುಂದೆ ಅಂಗಲಾಚಿ ಒಪ್ಪಿಸಬೇಕು ಎಂದು ಬರೆದುಕೊಂಡಿದ್ದಾಳೆ. ದೇವರನ್ನು ಬಿಟ್ಟರೂ ಅಕ್ಕನನ್ನು ಬಿಡಲಾರಳು ನನ್ನ ಪಾಪು. ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಮಂಗಳವಾರ ನಾಲ್ಕಕ್ಕೆ ಅವಳು ಒಳಗೆ ಹೋದಳು. ಹತ್ತು ನಿಮಿಷ ಹಲ್ಲು ಕಚ್ಚಿಕೊಂಡು ಬೆಂಚಿನ ಮೇಲೆ ಕೂತೆ. ಹನ್ನೊಂದನೆಯ ನಿಮಿಷಕ್ಕೆ ತಟ್ಟದೆ ಬಾಗಿಲು ತಳ್ಳಿದೆ.

ಮೂರು ಕುರ್ಚಿ, ಒಂದು ದುಂಡು ಮೇಜು, ನೀರಿನ ಜಗ್ಗು. ಗೋಡೆಯಲ್ಲಿ ಆ ಪ್ರಮಾಣಪತ್ರ ಬಿಟ್ಟರೆ ಏನೂ ಇಲ್ಲ. ಪಾಪು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆಪ್ತೆ ಎದ್ದು ನಿಂತಳು.

“ಅಮ್ಮ, ಇದು ಅವರ ಸಮಯ. ದಯವಿಟ್ಟು ಹೊರಗೆ ಕೂತಿರಿ.”

“ಕೂತೂ ಕೂತೂ ಸಾಕಾಯ್ತು. ಓದ್ತೀನಿ, ಕೇಳಿ.” ಪುಸ್ತಕ ತೆರೆದು ಮೂರು ಸಾಲನ್ನೂ ಕೋರ್ಟಿನಲ್ಲಿ ಓದುವ ದನಿಯಲ್ಲಿ ಓದಿದೆ. “ದೇವರನ್ನು ಬಿಡು ಅಂದಿದ್ದು ನೀವು ತಾನೇ? ಹೌದು ಅಥವಾ ಇಲ್ಲ ಹೇಳಿ. ಕೆಳಗೆ ಹಿರಿಯರಿದ್ದಾರೆ, ಅವರ ಮುಂದೆಯೂ ಇದನ್ನ ಓದ್ತೀನಿ. ನಾಳೆಯಿಂದ ಇವಳು ಇಲ್ಲಿಗೆ ಬರಲ್ಲ.”

“ಇಲ್ಲಿ ನಡೆದ ಮಾತನ್ನ ಅವರ ಒಪ್ಪಿಗೆ ಇಲ್ದೆ ನಾನು ಹೇಳೋ ಹಾಗಿಲ್ಲ ಅಮ್ಮ. ನಿಮಗೂ ಇಲ್ಲ, ಹಿರಿಯರಿಗೂ ಇಲ್ಲ.”

“ಒಳ್ಳೆ ಉಪಾಯ. ಬಾಯಿಗೆ ಬೀಗ ಹಾಕ್ಕೊಂಡ್ರೆ ಮುಗೀತು.”

ಪಾಪು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡುತ್ತಿದ್ದಳು.

“ಅದು ಮಶಿನ್ ಡ್ರಾಯರ್‌ನಲ್ಲಿತ್ತು” ಎಂದಳು.

“ಬೀಗ ಹಾಕಿರ್ಲಿಲ್ಲ.”

“ಬೀಗ ಯಾಕ್ ಹಾಕ್ಲಿ ಅಕ್ಕ? ಮನೇಲಿರೋದು ನಾವಿಬ್ರೇ.”

ಅವಳು ಕೈ ಚಾಚಿದಳು, ಪುಸ್ತಕ ಕೊಟ್ಟೆ. ಇನ್ನೊಂದು ಕೈ ಚಾಚಿದಳು. ಏನು ಎಂದು ತಿಳಿಯದೆ ನಿಂತೆ. ನನ್ನ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಅವಳೇ ತೆಗೆದುಕೊಂಡು, ಪುಸ್ತಕವನ್ನು ಮೊಣಕಾಲ ಮೇಲಿಟ್ಟು, ಮೊದಲ ಸಾಲಿನಲ್ಲಿ ಒಂದು ಚುಕ್ಕೆ ಇಟ್ಟಳು. ಸ್ವಲ್ಪ ತಡೆದಳು. ಮೂರನೆಯ ಸಾಲಿನಲ್ಲಿ ಇನ್ನೊಂದು ಚುಕ್ಕೆ ಇಟ್ಟು ನನ್ನ ಕಡೆ ತಿರುಗಿಸಿದಳು.

ಶೀಘ್ರಲಿಪಿಯಲ್ಲಿ ‘ಬಿಡು’ ಎಂದರೂ ‘ಬೇಡು’ ಎಂದರೂ ಗೀಟುಗಳು ಅವೇ, ಬ ಮತ್ತು ಡ. ಚುಕ್ಕೆ ಇಡುವ ಜಾಗದಿಂದ ಮಾತ್ರ ಬೇರೆ ಬೇರೆ. ಎರಡೂ ಕಡೆ ಬ, ಡ ಇತ್ತು. ನಾನು ಒಂದನ್ನು ಹೀಗೆ, ಇನ್ನೊಂದನ್ನು ಹಾಗೆ ಓದಿದ್ದೆ. ಎರಡೂ ಅದಲುಬದಲಾಗಿದ್ದವು.

‘ದೇವರನ್ನು ಒಂದೇ ಸಲ ಬೇಡು. ತಿರುಗಿ ನೋಡಬೇಡ. ಅಕ್ಕನನ್ನು ಬಿಡು.’

ಮತ್ತೊಮ್ಮೆ ಓದಿದೆ. ಮೂವತ್ತೊಂದು ವರ್ಷದಲ್ಲಿ ನನ್ನ ಓದಿಗೆ ಒಬ್ಬ ವಕೀಲನೂ ತಕರಾರು ಎತ್ತಿರಲಿಲ್ಲ. ಮೂರನೆಯ ಕುರ್ಚಿಯಲ್ಲಿ ಕೂತೆ.

“ನೀನು ಇದನ್ನ ತೆಗೆದು ಓದೇ ಓದ್ತೀಯ ಅಂತ ನಂಗೊತ್ತಿತ್ತು ಅಕ್ಕ” ಎಂದಳು ಪಾಪು. “ಅದಕ್ಕೇ ಚುಕ್ಕೆ ಇಡ್ಲಿಲ್ಲ. ಇಟ್ಟಿದ್ರೆ ನಿಂಗೆ ನೋವಾಗ್ತಿತ್ತು.”

“ನನ್ನನ್ನ ಬಿಡು ಅಂದ್ರೆ? ಮನೆ ಬಿಡ್ತೀಯಾ?”

“ಎಲ್ಲಿಗೆ ಹೋಗ್ಲಿ? ಮಶಿನ್ ಅಲ್ಲಿದೆ.” ಅವಳು ನಗಲು ನೋಡಿದಳು. “ನಿನ್ನ ಕೇಳೋದನ್ನ ಬಿಡ್ಬೇಕು. ನೀನು ಹೂಂ ಅಂದ್ರೆ ಐದು ನಿಮಿಷ ನೆಮ್ಮದಿ ಇರತ್ತೆ ಅಕ್ಕ, ಅಷ್ಟೇ. ಆಮೇಲೆ ಇನ್ನೊಂದು ಹೂಂ ಬೇಕು ಅನ್ಸತ್ತೆ. ದೇವರ ಹತ್ರ ಮಾತಾಡೋಕೆ ಕೂತು ನಾನು ನಿನ್ನ ಪೆನ್ಸಿಲ್ ಸದ್ದು ಕೇಳ್ತಿದ್ದೆ.” ಪುಸ್ತಕ ಮುಚ್ಚಿ ಹೇಳಿದಳು, “ಅವತ್ತು ನೀನು ಗೇಲಿ ಮಾಡಿದ್ದನ್ನೂ ಇವರಿಗೆ ಹೇಳಿದ್ದೀನಿ.”

ಅಲ್ಲಿಗೆ ಅದೂ ಹೊರಗೆ ಬಿತ್ತು. ಆಪ್ತೆ ಏನು ಹೇಳುತ್ತಾಳೋ ಎಂದು ತಲೆ ತಗ್ಗಿಸಿ ಕೂತೆ. ಅವಳು ಜಗ್ಗಿನಿಂದ ನೀರು ಬಗ್ಗಿಸಿ ನನ್ನ ಮುಂದೆ ಇಟ್ಟಳು.

“ನಾನೇ ಅಪ್ಪನ್ನ ಕೊಂದೆ ಅಂತ ಇವಳು, ನಾನೇ ಇವಳ ತಲೆ ಕೆಡಿಸಿದೆ ಅಂತ ನಾನು” ಎಂದೆ ಯಾರಿಗೋ.

“ಇವರದ್ದು ಇವರು ನೋಡ್ಕೋತಿದ್ದಾರೆ ಅಮ್ಮ” ಎಂದಳು ಆಪ್ತೆ. “ನಿಮಗೆ ಒಂದು ಕೆಲಸ ಇದೆ, ಇವರು ಒಪ್ಪಿದ್ರೆ ಹೇಳ್ತೀನಿ.”

ಪಾಪು ತಲೆಯಾಡಿಸಿದಳು.

“ಇನ್ಮೇಲೆ ಇವರು ತಡೀಲಾರದೆ ನಿಮ್ಮನ್ನ ಕೇಳಿದ್ರೆ ಹೂಂ ಅನ್ಬೇಡಿ, ಊಹೂಂ ಅನ್ಬೇಡಿ. ಗೊತ್ತಿಲ್ಲ ಅನ್ನಿ.”

“ಗೊತ್ತಿದ್ರೂ?”

“ಗೊತ್ತಿದ್ರೂ.”

ಸುಳ್ಳು ಹೇಳಿ ಎಂದು ನನಗೇ ಹೇಳಿಕೊಡುತ್ತಿದ್ದಾಳೆ! ಮಂದಿರದ ಪಕ್ಕದಲ್ಲಿ ಕೂತು! ಅನುಮಾನ ಮತ್ತೆ ಹೆಡೆ ಎತ್ತಿತು. ಆದರೆ ಪಾಪುವಿನ ಊದಿದ ಮಂಡಿಗಳು ಎದುರಿಗೇ ಇದ್ದವು. ನಾಲಗೆ ಕಚ್ಚಿಕೊಂಡೆ.

ಆ ಸಂಜೆ ಆರಕ್ಕೆ ಪಾಪು ಪರದೆ ಎಳೆದುಕೊಂಡಳು. ನಾನು ಅಡುಗೆಮನೆಯಲ್ಲಿ ಮೇಜಿನ ಮೇಲೆ ತಟ್ಟೆ ಇಟ್ಟು ಕೂತೆ. ಮನಸ್ಸು ಕಲಕಿದ್ದಕ್ಕೋ ಏನೋ, ಅವಳು ಅವತ್ತು ದನಿ ಎತ್ತಿ ಹೇಳುತ್ತಿದ್ದಳು. ಒಂದೊಂದು ಸಾಲೂ ಸ್ಪಷ್ಟವಾಗಿ ಕೇಳಿಸಿತು. ನನ್ನ ತೋರುಬೆರಳು ತಾನಾಗಿಯೇ ಮೇಜಿನ ಮೇಲೆ ಗೀಟು ಎಳೆಯುತ್ತಿತ್ತು. ನಾಲ್ಕು, ಐದು, ಆರು. ಆಮೇಲೆ ಒಂದು ಬಿಕ್ಕು. ಆಮೇಲೆ ಎಂಟು.

ಏಳನೆಯದು ಬರಲಿಲ್ಲ. ‘ಗೊತ್ತಿದ್ದು ಮಾಡಿದ್ದನ್ನೂ ಗೊತ್ತಿಲ್ಲದೆ ಮಾಡಿದ್ದನ್ನೂ ಮನ್ನಿಸು’ ಎನ್ನುವ ಸಾಲು. ನನ್ನ ಬೆರಳು ಮೇಜಿನ ಮೇಲೆ ನಿಂತುಬಿಟ್ಟಿತು. ಅವಳು ಒಂಬತ್ತು, ಹತ್ತು, ಹನ್ನೊಂದು ಹೇಳಿ ಮುಗಿಸಿದಳು.

ಪರದೆ ಸರಿಯಿತು. ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಕೇಳಬಾರದು ಎಂದು ಅವಳು ಪಡುತ್ತಿದ್ದ ಕಷ್ಟ ನನಗೆ ಕಾಣಿಸುತ್ತಿತ್ತು. ತಡೆಯಲಾಗಲಿಲ್ಲ ಅವಳಿಗೆ.

“ಅಕ್ಕ, ಸರಿಯಾಗಿ ಬಂತಾ?”

ಎರಡು ವರ್ಷದ ಹಿಂದೆ ಕೇಳದೆಯೇ ಹೇಳಿದ್ದೆ. ಈಗ ಅವಳಾಗಿ ಕೇಳುತ್ತಿದ್ದಾಳೆ, ನನಗೆ ಗೊತ್ತಿದೆ. ಹೂಂ ಎಂದರೆ ಇವತ್ತಿನ ಮಟ್ಟಿಗೆ ನೆಮ್ಮದಿಯಿಂದ ಮಲಗುತ್ತಾಳೆ, ನಾಳೆ ಮತ್ತೆ ನನ್ನ ಪೆನ್ಸಿಲಿಗೆ ಬರುತ್ತಾಳೆ. ನಾಳೆ ಮತ್ತೆ ಬರುತ್ತಾಳೆ ಎಂಬ ಆಸೆ ನನ್ನೊಳಗೆ ಇನ್ನೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

“ಗೊತ್ತಿಲ್ಲ ಪಾಪು” ಎಂದೆ. “ನಾನು ಬರ್ಕೊಳ್ಲಿಲ್ಲ.”

ಅವಳು ಅಲ್ಲಾಡಲಿಲ್ಲ. ಚೌಕಟ್ಟು ಹಿಡಿದ ಬೆರಳುಗಳು ಬೆಳ್ಳಗಾದವು. ಪರದೆಯ ಕಡೆ ಒಮ್ಮೆ ತಿರುಗಿದಳು. ಇನ್ನು ಹೋಗಿ ಮೊದಲಿಂದ ಶುರುಮಾಡುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಹೂಂ ಎಂದುಬಿಡಲೇ ಎನಿಸಿತು. ಎಡಗೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡು ಕೂತೆ. ಗೋಡೆ ಗಡಿಯಾರದ ಸದ್ದು ಅಷ್ಟು ಜೋರಾಗಿದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಪಾಪು ಉಸಿರು ಬಿಟ್ಟಳು. ಕುರ್ಚಿ ಎಳೆದು ಕೂತಳು. ನನ್ನ ತೋರುಬೆರಳು ಮೇಜಿನ ಮೇಲೆ ಆರನೆಯ ಸಾಲು ಮುಗಿದ ಕಡೆಯಲ್ಲೇ ನಿಂತಿತ್ತು. ಅವಳು ಆ ಬೆರಳನ್ನು ನೋಡಿದಳು. ಅದೇ ಬೆಂಚಿನಲ್ಲಿ ಕೂತು ಕಲಿತವಳು ಅವಳೂ, ಮಧ್ಯದಲ್ಲಿ ತಡೆದು ನಿಂತ ಬೆರಳನ್ನು ಓದಬಲ್ಲಳು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

“ಹೋಗ್ಲಿ ಬಿಡಕ್ಕ” ಎಂದಳು.

ಮೂವತ್ತೊಂದು ವರ್ಷದ ಅಭ್ಯಾಸ, ಮನಸ್ಸು ಆ ಮಾತಿನಲ್ಲೂ ಚುಕ್ಕೆ ಹುಡುಕಿತು. ಹುಡುಕುವ ಅಗತ್ಯವಿರಲಿಲ್ಲ. ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಎಲ್ಲ ಆರಿಹೋಗುವ ಮೊದಲು ಬಡಿಸು ಎಂದಳು.